ಗಂಗಿಯ ಸಗಣಿಯೂ ಮೆಕ್ಕೆಜೋಳದ ದಂಟೂ

ಎಂಬತ್ತೇಳನೇ ಇಸವಿಯಲ್ಲಿ ಕರಜಗಿಯ ಊರಲ್ಲೆಲ್ಲ ಹೆಚ್ಚು ಹೆಸರು ಮಾಡಿದ್ದು ಒಂದು ಮುದಿ ಆಕಳ ಸಗಣಿ.

ಆಕಳ ಹೆಸರು ಗಂಗಿ. ಅದರ ಹಲ್ಲು ಸವೆದಿದ್ದವು, ಒಂದು ಕೊಂಬು ಮುರಿದಿತ್ತು, ಹಾಲು ಬತ್ತಿ ಎಷ್ಟೋ ಕಾಲವಾಗಿತ್ತು. ಆದರೂ ಶಾರದಾಬಾಯಿಯವರ ಹಿತ್ತಲಲ್ಲಿದ್ದ ಗೋಬರ್ ಗ್ಯಾಸಿನ ಗುಂಡಿ ಅದೊಂದನ್ನೇ ನಂಬಿಕೊಂಡು ಮನೆಯ ಒಲೆಯನ್ನು ಹೊತ್ತುಹೊತ್ತಿಗೆ ಉರಿಸುತ್ತಿತ್ತು. ಸರಕಾರದ ಸಬ್ಸಿಡಿ ಹಿಡಿದು ಅಂಥ ಗುಂಡಿ ಕಟ್ಟಿಸಿದವರು ಊರಲ್ಲಿ ಇನ್ನೂ ಕೆಲವರಿದ್ದರು. ಅವರ ಕೊಟ್ಟಿಗೆಯಲ್ಲಿ ಎಮ್ಮೆಗಳಿದ್ದವು, ಎತ್ತಿನ ಜೋಡಿಗಳಿದ್ದವು. ಗುಂಡಿಗಳು ಮಾತ್ರ ಸೋತು ಮಲಗಿದ್ದವು. ಒಂದರ ಕಬ್ಬಿಣದ ಡ್ರಮ್ಮಿನ ಮೇಲೆ ಕೋಳಿಗಳು ಕೂತು ತೂಕಡಿಸುತ್ತಿದ್ದವು, ಇನ್ನೊಂದರ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು.

ಹೀಗಾಗಿ ಮಂದಿ ಗಂಗಿಯನ್ನು ನೋಡಲು ಬರುತ್ತಿದ್ದರು. ಹಿಂದಿನಿಂದಲೇ ಹೆಚ್ಚು ನೋಡುತ್ತಿದ್ದರು.

"ನಾವೇನೂ ಬ್ಯಾರೆ ಮಾಡೂದಿಲ್ರಿ," ಎಂದು ಶಾರದಾಬಾಯಿ ಕಟ್ಟೆಯ ಮೇಲೆ ಕುಳಿತು ಹೇಳುವರು. "ಗುರಮ್ಮ ಹೊರಿಗಟ್ಟಲೆ ಮೆಕ್ಕಿಜ್ವಾಳದ ದಂಟು ತಂದು ಹಾಕ್ತಾಳ. ನಮ್ಮ ಗಂಗಿ ತಿಂತಾಳ. ತಿಂದದ್ದಕ್ಕ ಬರೋಬ್ಬರಿ ಹಾಕ್ತಾಳ. ಈಗಿನ ಮನುಷ್ಯಾರಿಗೂ ಇಲ್ಲ ಅಷ್ಟು ನಿಯತ್ತು."

ಆ ಮಾತು ಬಂದಾಗಲೆಲ್ಲ ಬಾಗಿಲ ಮರೆಯಲ್ಲಿ ನಿಂತ ಸೊಸೆ ಪ್ರಮಿಲಾ ಸೆರಗಿನ ಚುಂಗು ಕಚ್ಚಿ ನಗು ನುಂಗುತ್ತಿದ್ದಳು. ಯಾಕೆಂದರೆ ಆ ಹೊರೆಯಲ್ಲಿ ಗಂಗಿ ತಿನ್ನುತ್ತಿದ್ದದ್ದು ಎಲೆಯ ತುದಿಯನ್ನಷ್ಟೇ. ಉಳಿದ ದಂಟು, ಸಿಪ್ಪೆ, ಗರಿ ಎಲ್ಲವೂ ಗಂಗಿಯ ಹೊಟ್ಟೆಗೆ ಇಳಿಯದೆ ಸೀದಾ ಗುಂಡಿಗೆ ಹೋಗುತ್ತಿದ್ದವು. ಇದು ಗೊತ್ತಿದ್ದವರು ಇಬ್ಬರೇ. ಒಬ್ಬಳು ಪ್ರಮಿಲಾ, ಇನ್ನೊಬ್ಬಳು ಇವರ ಹೊಳೆದಂಡೆಯ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಚಂದ್ರಾಮಪ್ಪನ ಹೆಂಡತಿ, ದಂಟು ಹೊತ್ತು ತರುವ ಗುರಮ್ಮ.

ಗುಂಡಿ ಕಟ್ಟಿಸಿದ್ದು ಪ್ರಮಿಲಾಳ ಮಾವ. ಆಗ ಮನೆಯಲ್ಲಿ ಮೂರು ಆಕಳಿದ್ದವು. ಮಡಿ ಅಡಿಗೆಗೆ ಗ್ಯಾಸಿನ ಉರಿ ನಡೆಯುತ್ತದೋ ಇಲ್ಲವೋ ಎಂದು ಶಾರದಾಬಾಯಿ ಬಹಳ ತೂಗಿದ್ದರು. "ಸಗಣೀಲೆ ನೆಲ ಸಾರಿಸಿ ಶುದ್ಧ ಮಾಡ್ತೀ. ಅದರ ಉರಿ ಮೈಲಿಗಿ ಹೆಂಗಾಗ್ತದ?" ಎಂದು ಮಾವ ಕೇಳಿದ ಒಂದು ಮಾತಿಗೆ ಒಪ್ಪಿದರು. ಒಪ್ಪುವಾಗಲೇ ಕಟ್ಟು ಹಾಕಿದರು. ಗುಂಡಿಗೆ ಆಕಳ ಸಗಣಿಯ ಹೊರತು ಮತ್ತೇನೂ ಬೀಳಕೂಡದು. ಎಮ್ಮೆಯದು ಬರುವುದಿಲ್ಲ. ದೇವರ ನೈವೇದ್ಯ ಬೇಯುವ ಉರಿ ಅದು.

ಮುಂದೆ ಮಾವ ತೀರಿಕೊಂಡರು. ಒಂದು ಆಕಳು ಸತ್ತಿತು, ಇನ್ನೊಂದನ್ನು ಮಗಳ ಮನೆಗೆ ಅಟ್ಟಿದರು. ಗಂಗಿಯೊಬ್ಬಳ ಸಗಣಿಗೆ, ಗ್ಯಾಸು ತುಂಬಿದಂತೆ ಮೇಲೇರಬೇಕಾದ ಡ್ರಮ್ಮು ಏಳಲಾರದೆ ಎದ್ದು, ಒಂದು ಪಾತೇಲಿ ಚಹಾ ಕುದಿಯುವಷ್ಟರಲ್ಲಿ ಕುಸಿದು ಕೂರುತ್ತಿತ್ತು. ಪ್ರಮಿಲಾ ತಿರುಗಿ ಮಣ್ಣಿನ ಒಲೆಯ ಮುಂದೆ, ತೊಗರಿಕಟ್ಟಿಗೆಯ ಹೊಗೆಯಲ್ಲಿ ಕುಳಿತಳು. ಜೇವರ್ಗಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಗಂಡ ದತ್ತಾತ್ರೇಯ ಶನಿವಾರ ಊರಿಗೆ ಬಂದು, "ಯಾಕ ಅಳ್ಳಿಕತ್ತೀ?" ಎಂದು ಕೇಳಿದರೆ ಅವಳು, "ಹೊಗಿ" ಎನ್ನುತ್ತಿದ್ದಳು. ಕೆಲವು ಸಲ ಅದು ನಿಜವಾಗಿಯೂ ಹೊಗೆಯೇ ಆಗಿರುತ್ತಿತ್ತು.

ಅಫಜಲಪುರದ ಡಾಕ್ಟರು ಕಣ್ಣಿಗೆ ಔಷಧ ಕೊಟ್ಟು, ಹೀಗೇ ಹೊಗೆಯಲ್ಲಿ ಕುಳಿತರೆ ಕಣ್ಣು ಕೈಬಿಡುತ್ತವೆ ಎಂದು ಹೇಳಿ ಕಳಿಸಿದರು. ಶಾರದಾಬಾಯಿ ಅದನ್ನು ಕೇಳಿ ನಿಜವಾಗಿಯೂ ಮರುಗಿದರು. ಮರುಗಿ, ಮರುದಿನವೇ ಮೊದಲಿಗಿಂತ ಉದ್ದನೆಯ ಊದುಗೊಳವೆ ತರಿಸಿಕೊಟ್ಟರು.

ಪ್ರಮಿಲಾ ಗುಲಬರ್ಗಾದಲ್ಲಿ ಬಿಎಸ್ಸಿ ಮಾಡಿದವಳು. ಮನೆಯಲ್ಲಿ ಆ ಬಿಎಸ್ಸಿಯ ನೆನಪಾಗುತ್ತಿದ್ದದ್ದು ಸಾರಿಗೆ ಉಪ್ಪು ಹೆಚ್ಚಾದಾಗ ಮಾತ್ರ. ಒಂದು ಮಧ್ಯಾಹ್ನ ಅವಳು ಗಂಗಿ ಮೆಲುಕು ಹಾಕುವುದನ್ನು ನೋಡುತ್ತ ಸುಮ್ಮನೆ ಕುಳಿತಿದ್ದಳು. ಕಾಲಡಿಯಲ್ಲಿ ಗಂಗಿ ಬಿಟ್ಟ ದಂಟು ರಾಶಿ ಬಿದ್ದಿತ್ತು. ಗ್ಯಾಸು ಕೊಡುವುದು ಆಕಳಲ್ಲ, ಗುಂಡಿಯಲ್ಲಿ ಕೊಳೆಯುವ ಹುಲ್ಲು. ಆಕಳು ಅದನ್ನು ಅರೆದು ಕೊಡುತ್ತದೆ ಅಷ್ಟೇ. ಅರೆಯುವ ಕೆಲಸವಾದರೆ ಈ ಮನೆಗೆ ಬಂದಾಗಿನಿಂದ ತಾನು ಮತ್ತೇನು ಮಾಡಿದ್ದೇನೆ ಎಂದು ಅವಳಿಗೆ ಅನ್ನಿಸಿತು.

ಊಟದ ಹೊತ್ತಿಗೆ ಅತ್ತೆಯ ಮನಸ್ಸು ನೋಡಲೆಂದು ಮೆಲ್ಲಗೆ ಮಾತು ತೆಗೆದಳು.

"ಅತ್ತ್ಯಾರ, ಗಂಗಿ ಬಿಟ್ಟ ದಂಟು ಗುಂಡಿಗೆ ಹಾಕಿದ್ರೂ ಗ್ಯಾಸು ಬರ್ತದಂತ್ರಿ."

ಶಾರದಾಬಾಯಿ ಕೈಯ ತುತ್ತು ಎಲೆಯಲ್ಲೇ ಇಟ್ಟರು. "ದಂಟು ಗುಂಡ್ಯಾಗ ಏನಾಗ್ತದ?"

"ಕೊಳೀತದ್ರಿ."

"ಕೊಳತಿದ್ದರ ಉರಿ ಮ್ಯಾಲ ದೇವರ ಅನ್ನ ಇಡ್ತೀಯೇನು? ಆ ಹೊತ್ತು ಬಂತಂದ್ರ ಗುಂಡಿ ಮುಚ್ಚಿಸಿಬಿಡೋಣು. ಮ್ಯಾಲೊಂದು ತುಳಸಿ ಹಚ್ಚೋಣು."

ಅತ್ತೆಯ ಮಾತಿಗಿಂತ ಆಮೇಲಿನ ಮೌನಕ್ಕೆ ಆ ಮನೆಯಲ್ಲಿ ಬೆಲೆ ಹೆಚ್ಚು. ಅವರು ಊಟ ಮುಗಿಸಿ ಕೈ ತೊಳೆಯುವ ತನಕ ಮತ್ತೆ ಬಾಯಿ ತೆರೆಯಲಿಲ್ಲ. ಪ್ರಮಿಲಾ ಆ ಮೌನವನ್ನು ಪೂರ್ತಿ ಕೇಳಿಸಿಕೊಂಡು, ಎಲೆ ಎತ್ತಿ, ಮರುದಿನ ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಗುಂಡಿಗೆ ಮೊದಲ ಹೊರೆ ದಂಟು ಹಾಕಿದಳು.

ಮೊದಲ ಸಲ ಎಲ್ಲ ಕೆಟ್ಟಿತು. ಉದ್ದುದ್ದ ದಂಟುಗಳು ರಾಡಿಯ ಮೇಲೆ ತೇಲಿ, ಹೆಣೆದುಕೊಂಡು, ಗುಂಡಿಯ ಬಾಯಿ ಕಟ್ಟಿತು. ಡ್ರಮ್ಮು ಸೇಂದಿ ಕುಡಿದವನ ಹಾಗೆ ಒಂದು ಮಗ್ಗುಲಿಗೆ ವಾಲಿತು. ಗುರಮ್ಮ ಬಿದಿರಿನ ಗಳ ಹಾಕಿ ತಿವಿಯುತ್ತ ನಕ್ಕಿದ್ದೇ ನಕ್ಕಿದ್ದು.

"ಮೆಲ್ಲಕ ನಗು ಬೇ, ಅತ್ತ್ಯಾರು ಎದ್ದಾರು!"

"ಏನ್ ಮಾಡ್ಲಿರಿ ಬಾಯಾರ, ನಿಮ್ಮ ಗುಂಡಿ ಥೇಟ್ ನಮ್ಮ ಅತ್ತಿ ಆಗ್ಯದ. ಹಲ್ಲಿಲ್ಲ, ಹಟ ಭಾಳ. ಸಣ್ಣಗ ಮುರದು ನೆನಸಿ ಕೊಟ್ರಷ್ಟ ನುಂಗ್ತದ ನೋಡ್ರಿ."

ಹಾಗೆಯೇ ಮಾಡಿದರು. ದಂಟನ್ನು ಕುಡುಗೋಲಿನಿಂದ ಬೆರಳಿನ ಗೆಣ್ಣಿನಷ್ಟು ಕತ್ತರಿಸಿ, ಗುಂಡಿಯ ರಾಡಿಯನ್ನೇ ಚಿಮುಕಿಸಿ, ಗೋಣಿಚೀಲ ಮುಚ್ಚಿ ಮೆತ್ತಗಾಗಲು ಬಿಟ್ಟರು. ಮೆತ್ತಗಾದದ್ದನ್ನು ಗಂಗಿಯ ಸಗಣಿಯ ಜೊತೆ ಕಲಸಿ ಗುಂಡಿಗೆ ಬಿಟ್ಟರು. ಡ್ರಮ್ಮು ನೆಟ್ಟಗಾಯಿತು. ಆಮೇಲೆ ದಿನಕ್ಕಿಷ್ಟಿಷ್ಟು ಏಳತೊಡಗಿತು. ಒಲೆಯಲ್ಲಿ ನೀಲಿ ಉರಿ ನಿಂತ ದಿನ ಪ್ರಮಿಲಾ ಯಾರೂ ಕೇಳದಿದ್ದರೂ ಎರಡು ಬಗೆಯ ಪಲ್ಯ ಮಾಡಿದಳು.

ಗುಟ್ಟು ಕಾಯುವುದು ಕಷ್ಟವಾಗಲಿಲ್ಲ. ದಂಟಿನ ಹೊರೆ ಮೇವಿನ ಹೆಸರಲ್ಲಿ ಎಲ್ಲರ ಎದುರಿಗೇ ಬರುತ್ತಿತ್ತು. ಶಾರದಾಬಾಯಿ ಮುಂಜಾನೆ ಸ್ನಾನ ಮಾಡಿ ಮಡಿ ಉಟ್ಟ ಮೇಲೆ ಹಿತ್ತಲಿಗೆ ಕಾಲಿಡುತ್ತಿರಲಿಲ್ಲ. ಮಧ್ಯಾಹ್ನ ನಿದ್ದೆ. ಅವರ ಕಣ್ಣಿಗೆ ಬೀಳುತ್ತಿದ್ದದ್ದು ಒಳಗೆ ಹೋಗುವ ಹೊರೆ ಮತ್ತು ದೇವರಮನೆಯ ಕಿಟಕಿಯಿಂದ ಕಾಣುವ ತುಂಬಿದ ಡ್ರಮ್ಮು. ನಡುವೆ ಗಂಗಿಯಲ್ಲದೆ ಮತ್ತಾರು ಇರಬೇಕು? ಗಂಡನಿಗೆ ಮಾತ್ರ ಒಂದು ಶನಿವಾರ ಹೇಳಿದಳು. ದತ್ತಾತ್ರೇಯ ಬಹಳ ಹೊತ್ತು ಯೋಚಿಸಿ, "ನೀ ನನಗ ಏನೂ ಹೇಳಿಲ್ಲ," ಎಂದು ಮಗ್ಗುಲು ಬದಲಿಸಿದ.

ಹಣಮಂತರಾಯ ಸಾಹುಕಾರರು ಬಾರದೇ ಇದ್ದಿದ್ದರೆ ಇದು ಹೀಗೇ ನಡೆಯುತ್ತಿತ್ತು.

ಊರ ನಡುವೆ ದೊಡ್ಡ ವಾಡೆ ಅವರದು. ಎಲ್ಲರಿಗಿಂತ ದೊಡ್ಡ ಗುಂಡಿಯೂ ಅವರದೇ. ಮೆಣಸಿನಕಾಯಿ ಒಣಗುತ್ತಿದ್ದದ್ದು ಅದರ ಮೇಲೆಯೇ. ಮಗಳಿಗೆ ಅಕ್ಕಲಕೋಟೆಯ ಕಡೆಯ ಸಂಬಂಧ ಕೂಡಿ ಬಂದಿತ್ತು. ಮಾತುಕತೆಯ ಭರದಲ್ಲಿ ಸಾಹುಕಾರರು, "ನಮ್ಮ ಮಗಳಿಗೆ ಹೊಗಿ ಅಂದ್ರ ಗೊತ್ತಿಲ್ರಿ, ನಮ್ಮಲ್ಲಿ ಎಲ್ಲಾ ಗ್ಯಾಸಿನ ಮ್ಯಾಲ," ಎಂದು ಹೇಳಿಬಿಟ್ಟಿದ್ದರು. ಬೀಗರು ಈಗ ನಿಶ್ಚಯಕ್ಕೆ ಬರುವವರಿದ್ದರು. ಹೆಂಗಸರು ಅಡಿಗೆಮನೆ ನೋಡದೆ ಹೋಗುವವರಲ್ಲ.

"ಬಾಯಾರ, ಮರ್ಯಾದಿ ಪ್ರಶ್ನೆ ಅದ," ಎಂದು ಅವರು ಕಟ್ಟೆಯ ಕೆಳಗೇ ನಿಂತು ಟೊಪ್ಪಿಗೆ ತೆಗೆದರು. "ನಿಮ್ಮ ಗಂಗವ್ವನ್ನ ಎಂಟು ದಿನ ನಮ್ಮ ಮನಿಗಿ ಕಳಸ್ರಿ. ಮಗಳಾಂಗ ನೋಡ್ಕೋತೇವಿ."

ಒಳಗೆ ಪ್ರಮಿಲಾಳ ಕೈಯ ಲಟ್ಟಣಿಗೆ ನಿಂತಿತು. ಬಾಗಿಲಿಗೆ ಬಂದು, "ಗಂಗಿಗೆ ವಯಸ್ಸಾಗ್ಯದಲ್ರಿ ಅತ್ತ್ಯಾರ, ಹೊಸಾ ಮನಿ ಹಿಡೀತದೋ ಇಲ್ಲೋ," ಎಂದಳು.

"ನಾಕು ಮನಿ ಆಚೆ ಹೋಗಲಿಕ್ಕೆ ವಯಸ್ಸೇನು ಅಡ್ಡ ಬರ್ತದ? ಹೆಣ್ಣುಮಗಳ ಕಲ್ಯಾಣದ ಕೆಲಸ. ಕರಕೊಂಡು ಹೋಗ್ರಿ ಸಾಹುಕಾರ್ರ. ಎಂಟು ದಿನ ನಮ್ಮ ಸೊಸಿ ಕಟ್ಟಿಗಿ ಹಚ್ಚತಾಳ. ಉದ್ದನ್ನ ಊದುಗೊಳವಿ ಅದ."

ಗಂಗಿಗೆ ಮೈ ತೊಳೆಸಿ, ಹಣೆಗೆ ಕುಂಕುಮ ಹಚ್ಚಿ ಕರೆದೊಯ್ದರು. ತನ್ನ ಜೀವನದಲ್ಲಿ ಮೊದಲ ಸಲ ಬೇಕಾದವಳಾದ ಗಂಗಿ ಹಿಂದಿರುಗಿ ಕೂಡ ನೋಡಲಿಲ್ಲ.

ಗುರಮ್ಮ ಹಿತ್ತಲ ಗೋಡೆಗೆ ಒರಗಿ ಸೊಂಟದ ಮೇಲೆ ಕೈಯಿಟ್ಟಳು. "ಈಗ ಹೆಂಗ್ರಿ ಬಾಯಾರ? ಅಲ್ಲಿ ಆಕಳ ಅದ, ಗ್ಯಾಸಿಲ್ಲ. ಇಲ್ಲಿ ಗ್ಯಾಸದ, ಆಕಳಿಲ್ಲ."

ಪ್ರಮಿಲಾ ಅದನ್ನೇ ಯೋಚಿಸುತ್ತಿದ್ದಳು. ಸಾಹುಕಾರರ ಡ್ರಮ್ಮು ಏಳುವುದಿಲ್ಲ, ಅದು ಖಚಿತ. ಅದಕ್ಕೆ ಗಂಗಿ ಮುನಿಸಿಕೊಂಡಿದ್ದಾಳೆ ಎಂದು ಏನಾದರೂ ನೆಪ ಹೇಳಬಹುದು. ಆದರೆ ಇಲ್ಲಿಯದು ಇಳಿಯಲೇಬೇಕು. ಅವಳು ಅಂದೇ ದಂಟು ಹಾಕುವುದನ್ನು ನಿಲ್ಲಿಸಿದಳು. ಕಣ್ಣಿಗೆ ಎಂಟು ದಿನ ಹೊಗೆಯಾದರೂ ಗ್ಯಾಸಿನ ಒಲೆ ಉಳಿಯುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಗುಂಡಿ ಅವಳ ಮಾತು ಕೇಳಲಿಲ್ಲ. ತಿಂಗಳುಗಟ್ಟಲೆ ಉಂಡ ಹೊಟ್ಟೆ ಅದು. ಮೇಲಿನಿಂದ ಏನೂ ಹಾಕದಿದ್ದರೂ ಒಳಗಿದ್ದದ್ದನ್ನೇ ಅರಗಿಸಿಕೊಳ್ಳುತ್ತ ಗುಳುಗುಳು ಎನ್ನುತ್ತಿತ್ತು. ಅತ್ತೆಗೆ ತೋರಿಸಲೆಂದು ಮಣ್ಣಿನ ಒಲೆಯಲ್ಲಿ ಅಡಿಗೆ ನಡೆದಿದ್ದರಿಂದ ಗ್ಯಾಸು ಖರ್ಚಾಗದೆ, ದಿನವೂ ಡ್ರಮ್ಮು ಮೊದಲಿಗಿಂತ ಮೇಲಕ್ಕೆ ಬಂದು ದೇವರಮನೆಯ ಕಿಟಕಿಯಲ್ಲಿ ಹಣಕಿಹಾಕತೊಡಗಿತು. ಇಷ್ಟು ದಿನ ಅದು ಏಳಲಿ ಎಂದು ಬೇಡಿಕೊಂಡವಳು ಈಗ ಇಳಿಯಲಿ ಎಂದು ಬೇಡಿಕೊಂಡಳು.

ಆಮೇಲೆ ಗ್ಯಾಸು ಸುಡಲು ಹೊರಟಳು. ಅತ್ತೆ ಮಲಗಿದಾಗಲೆಲ್ಲ ಹಂಡೆಯಲ್ಲಿ ನೀರು ಕಾಯಿಸಿದಳು. ಶೇಂಗಾ ಹುರಿದಳು. ಹುರಿದದ್ದನ್ನು ಡಬ್ಬಿಗೆ ತುಂಬಿ ಇನ್ನೊಂದು ಪಾಲು ಹುರಿದಳು.

"ಏನವಾ ಇದು?" ಶಾರದಾಬಾಯಿ ಎದ್ದು ಬಂದು ಬಚ್ಚಲಲ್ಲಿ ಇಣುಕಿದರು. "ನಿನ್ನೆ ಎಣ್ಣಿನೀರಾತು. ಇವತ್ತೂ ಹಂಡೆ ತುಂಬ ಬಿಸಿನೀರು? ಮನ್ಯಾಗ ಯಾರು ಹಡದಾರ?"

"ಮೈಕೈ ನೋವು ಅಂದ್ರಲ್ರಿ ನೀವು."

"ಯಾವಾಗಂದೆ?"

"ದೀಪಾವಳ್ಯಾಗ್ರಿ."

ಶಾರದಾಬಾಯಿ ಸೊಸೆಯನ್ನೂ ಹಂಡೆಯನ್ನೂ ಒಂದೊಂದು ಸಲ ನೋಡಿ ಒಳಗೆ ಹೋದರು. ಪ್ರಮಿಲಾಳಿಗೆ ಅದು ಸರಿಬರಲಿಲ್ಲ. ಬೈಯುವ ಅತ್ತೆಯ ಎದುರು ನಿಲ್ಲಬಹುದು, ಲೆಕ್ಕ ಹಾಕುವ ಅತ್ತೆಯ ಎದುರು ನಿಲ್ಲುವುದು ಕಷ್ಟ.

ಬೀಗರು ಬರುವ ಹಿಂದಿನ ದಿನ ಅವಳು ಕಡೆಯ ಉಪಾಯ ಮಾಡಿದಳು. ಸಂಜೆಯ ಮುಂದೆ ಹಿತ್ತಲಿಗೆ ಹೋಗಿ ಡ್ರಮ್ಮಿನ ತಿರುಪು ಪೂರ್ತಿ ತಿರುಗಿಸಿ ಗ್ಯಾಸನ್ನು ಗಾಳಿಗೆ ಬಿಟ್ಟಳು. ಅದು ಹಾವಿನಂತೆ ಬುಸುಗುಟ್ಟಿತು. ಕೊಳೆತ ತತ್ತಿಯ ನಾತ ಹಿತ್ತಲು ದಾಟಿ, ಅಡಿಗೆಮನೆ ದಾಟಿ, ದೇವರಮನೆಯ ಕಿಟಕಿ ಮುಟ್ಟಿತು. ಸರಿಯಾಗಿ ಅದೇ ಹೊತ್ತಿಗೆ ಹಣಮಂತರಾಯರು ಗಂಗಿಯ ಹಗ್ಗ ಹಿಡಿದುಕೊಂಡು ಮುಂಬಾಗಿಲಿಗೆ ಬಂದರು.

"ಬಾಯಾರ, ನಿಮ್ಮ ಆಕಳ ನೀವ ಇಟ್ಕೋರಿ! ಹಿಂಡಿ ಹಾಕೇವಿ, ಬೆಲ್ಲ ಹಾಕೇವಿ, ದಂಟು ರಾಶಿ ಒಟ್ಟೇವಿ. ತುದಿ ಕಡೀತಾಳ, ಬಿಡ್ತಾಳ. ನಮ್ಮಾಕಿ ಬುಟ್ಟಿ ಹಿಡ್ಕೊಂಡು ಹಿಂದ ಹಿಂದ ಅಡ್ಡಾಡಾಕತ್ತಾಳ. ದಿನಕ್ಕ ಒಂದು ಬುಟ್ಟಿನೂ ತುಂಬಲಿಲ್ಲ."

"ನಮ್ಮಲ್ಲಿ ಹೊರಿ ಹೊರಿ ತಿಂತಿದ್ಳಲ್ಲ!"

"ಎಲ್ಲಿಂದ ತಿಂತಾಳ್ರಿ? ನಾ ಬಾಯಿ ತೆಗದು ನೋಡೇನಿ. ಹಲ್ಲಽ ಇಲ್ಲ!"

ಶಾರದಾಬಾಯಿ ಗಂಗಿಯ ಮುಖ ನೋಡಿದರು. ಗಂಗಿ ಬೆಲ್ಲದ ನೆನಪಿನಲ್ಲಿ ಮೂಗು ನೆಕ್ಕಿಕೊಂಡಳು. ಶಾರದಾಬಾಯಿ ಎದ್ದು, ಮಡಿಯಲ್ಲಿದ್ದೇನೆ ಎಂಬುದನ್ನೂ ಮರೆತು, ಪಡಸಾಲೆ ದಾಟಿ ಸೀದಾ ಹಿತ್ತಲಿಗೆ ನಡೆದರು. ಸಾಹುಕಾರರು ಆಕಳನ್ನು ಎಳೆದುಕೊಂಡು ಹಿಂದೆಯೇ ಬಂದರು.

ಅಲ್ಲಿ ಡ್ರಮ್ಮು ಇನ್ನೂ ಬುಸುಗುಡುತ್ತಿತ್ತು. ಪ್ರಮಿಲಾಳ ಕೈ ತಿರುಪಿನ ಮೇಲಿತ್ತು. ಪಕ್ಕದಲ್ಲಿ ಗೋಣಿಚೀಲದ ಗುಪ್ಪೆ, ಅದರಾಚೆ ಕುಡುಗೋಲು ಹಿಡಿದ ಗುರಮ್ಮ. ಶಾರದಾಬಾಯಿ ಕೋಲಿನಿಂದ ಚೀಲ ಸರಿಸಿದರು. ಗುಂಡಿಗೆ ಹಾಕದೆ ಉಳಿದಿದ್ದ ಕತ್ತರಿಸಿದ ದಂಟು ಕಪ್ಪಗೆ ಮೆತ್ತಗಾಗಿ ಹಬೆಯಾಡುತ್ತಿತ್ತು.

"ಮನ್ಯಾಗ ಕೆಲಸದ, ನಾ ಬರ್ತೇನ್ರಿ," ಎಂದು ಗುರಮ್ಮ ಕುಡುಗೋಲು ಸಮೇತ ಗೋಡೆ ಹಾರಿದಳು.

"ಎಷ್ಟು ದಿನದಿಂದ?" ಶಾರದಾಬಾಯಿ ಕೇಳಿದರು.

"ಸುಗ್ಗಿಯಿಂದ್ರಿ."

"ಅಂದ್ರ ಸುಗ್ಗಿಯಿಂದ ನನ್ನ ಬಾಯೀಲೆ ಊರಿಗೆಲ್ಲಾ ಸುಳ್ಳು ಹೇಳಿಸಿದಿ. ಕಟ್ಟಿ ಮ್ಯಾಲ ಕುಂತು ಈ ಆಕಳ ನಿಯತ್ತು ಹೊಗಳೇನಿ ನಾನು." ಅವರ ದನಿ ಏರಲಿಲ್ಲ, ಅದೇ ಕೆಟ್ಟದ್ದು. "ಅದಿರಲಿ. ದೇವರಿಗೆ ಕೊಳತಿದ್ದರ ಉರಿ ಮ್ಯಾಲ ನೈವೇದ್ಯ ಮಾಡಿಸಿದಿ."

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಹಾಗಾಗಿಯೇ ಪ್ರಮಿಲಾಳಿಗೆ ಧೈರ್ಯ ಬಂತು.

"ಗಂಗಿ ಸಗಣಿ ಕಲಸದ ಒಂದು ಬುಟ್ಟಿನೂ ಹಾಕಿಲ್ರಿ ಅತ್ತ್ಯಾರ. ಹಾಲಿಗೆ ನೀವು ಹೆಪ್ಪು ಹಾಕ್ತೀರಲ್ಲ, ಹಂಗಽ. ಹೆಪ್ಪು ಒಂದು ಚಮಚೆ, ಹಾಲು ಗಡಿಗಿ ತುಂಬ. ಮುಂಜಾನೆ ಅದನ್ನ ಕೊಳತ ಹಾಲು ಅಂತೀರೇನು? ಮೊಸರು ಅಂತೀರಿ. ಅಭಿಷೇಕಕ್ಕೂ ಇಡ್ತೀರಿ. ಇದಕ್ಕ ಹೆಪ್ಪು ಗಂಗಿದು. ಉಳಿದದ್ದು ದಂಟು."

"ಮೊಸರು ಹಿಂಗ ನಾರೂದಿಲ್ಲ."

"ಸಗಣಿನೂ ಅತ್ತರ ವಾಸನಿ ಹೊಡಿಯೂದಿಲ್ರಿ."

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಸಾಹುಕಾರರು ಕೆಮ್ಮಿದರು. ಶಾರದಾಬಾಯಿ ಸೊಸೆಯನ್ನು ನೋಡಿದರು, ಗುಂಡಿಯನ್ನು ನೋಡಿದರು. ಆಮೇಲೆ ಎಲ್ಲಿಯೂ ನೋಡದೆ ನಿಂತರು. ಗೋಡೆಯಾಚೆ ಗುರಮ್ಮ ಉಸಿರು ಹಿಡಿದು ಕೇಳುತ್ತಿದ್ದಳು. ಕೊನೆಗೆ ಅವರು, "ಮಡಿ ಕೆಡ್ತು, ನೀರು ಹಾಕ್ಕೋಬೇಕು," ಎಂದಷ್ಟೇ ಹೇಳಿ ಬಚ್ಚಲಿಗೆ ನಡೆದರು.

ಹಣಮಂತರಾಯರು ಪ್ರಮಿಲಾಳ ಹತ್ತಿರ ಬಂದು ದನಿ ತಗ್ಗಿಸಿದರು. "ತಂಗಿ, ಅಂದ್ರ ಆಕಳ ಬೇಕಾಗಿಲ್ಲೇನು? ನಮ್ಮ ಹೊಲದಾಗ ದಂಟು ಬೇಕಾದಷ್ಟದ!" ಅವಳ ಉತ್ತರಕ್ಕೂ ಕಾಯದೆ ಗಂಗಿಯ ಹಗ್ಗ ಅವಳ ಕೈಗಿಟ್ಟು ಓಡಿದರು.

ಕತ್ತಲು ಇಳಿಯತೊಡಗಿತು. ಪ್ರಮಿಲಾ ಅಡಿಗೆಮನೆಯಲ್ಲಿ ಕುಳಿತಳು. ಒಂದು ಕಡೆ ಮಣ್ಣಿನ ಒಲೆ, ಅದರಲ್ಲಿ ತೊಗರಿಕಟ್ಟಿಗೆ ಒಟ್ಟಿ ಆಗಿತ್ತು. ಇನ್ನೊಂದು ಕಡೆ ಗ್ಯಾಸಿನ ಒಲೆ. ಕೈಯಲ್ಲಿ ಕಡ್ಡಿಪೆಟ್ಟಿಗೆ. ರಾತ್ರಿಯ ನೈವೇದ್ಯದ ಅನ್ನಕ್ಕೆ ಹೊತ್ತಾಗಿತ್ತು, ಯಾವುದಕ್ಕೆ ಕಡ್ಡಿ ಗೀರಬೇಕೆಂದು ಹೇಳುವವರಿರಲಿಲ್ಲ. ಶಾರದಾಬಾಯಿ ಸ್ನಾನ ಮುಗಿಸಿ, ಬೇರೆ ಮಡಿ ಉಟ್ಟು, ದೇವರ ದೀಪ ಹಚ್ಚಿ ಕುಳಿತಿದ್ದರು. ಕೇಳಬಹುದಿತ್ತು. ಕೇಳಿದರೆ ತುಳಸಿಯ ಮಾತು ಬರಬಹುದು ಎಂದು ಅವಳು ಕೇಳಲಿಲ್ಲ.

ಮುಂಬಾಗಿಲಲ್ಲಿ ಬಕೀಟಿನ ಸಪ್ಪಳವಾಯಿತು. ಹಣಮಂತರಾಯರು ತಿರುಗಿ ಬಂದಿದ್ದರು. ಧೋತರಕ್ಕೆ ದಂಟಿನ ಸಿಪ್ಪೆ ಅಂಟಿತ್ತು.

"ಬಾಯಾರ, ಆಳುಗಳನ್ನ ಹಚ್ಚಿ ದಂಟು ಕಡಸಾಕತ್ತೇನಿ. ಒಂದು ಬಕೀಟು ನಿಮ್ಮ ಗುಂಡಿದು ರಾಡಿ ಕೊಡ್ರಿ. ಹೆಪ್ಪಿಗೆ."

ಪ್ರಮಿಲಾ ಕಡ್ಡಿಪೆಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಏನ್ ಮಾತಂತ ಆಡ್ತೀರಿ ಸಾಹುಕಾರ್ರ?" ದೇವರಮನೆಯಿಂದ ಶಾರದಾಬಾಯಿಯವರ ದನಿ ಬಂತು. "ದೀಪ ಹಚ್ಚಿದ ಮ್ಯಾಲ ಯಾರರ ಮನ್ಯಾಗಿನ ಹೆಪ್ಪು ಹೊರಗ ಕೊಡ್ತಾರೇನು? ತಿಳದವ್ರು ನೀವು."

"ಬೀಗರು ನಾಳೆ ಬರ್ತಾರ್ರೀ!"

"ಮುಂಜಾನೆ ಹೊತ್ತು ಹೊಂಟ ಮ್ಯಾಲ ಬರ್ರಿ, ಬೇಕಾದಷ್ಟು ಒಯ್ಯಿರಿ. ಬಕೀಟು ತೊಳಸಿಕೊಂಡು ಬರ್ರಿ. ಎಮ್ಮಿ ಸಗಣಿ ಮುಟ್ಟಿದ್ದು ನಮ್ಮ ಹಿತ್ತಲಕ್ಕ ತರಬ್ಯಾಡ್ರಿ."

ಬೆಳಿಗ್ಗೆ ಹೆಪ್ಪು ಹಾಕಿದ ಗುಂಡಿ ಮಧ್ಯಾಹ್ನಕ್ಕೆ ಏಳುವುದಿಲ್ಲ, ಅದಕ್ಕೆ ವಾರಗಳೇ ಬೇಕು ಎಂದು ಪ್ರಮಿಲಾಳಿಗೆ ಗೊತ್ತಿತ್ತು. ಈ ಹೊತ್ತಿನಲ್ಲಿ ಬಿಎಸ್ಸಿಯನ್ನು ಹೊರಗೆ ತೆಗೆಯುವುದು ಬೇಡವೆಂದು ಸುಮ್ಮನಿದ್ದಳು. ಗ್ಯಾಸಿನ ಒಲೆಯ ತಿರುಪು ತಿರುಗಿಸಿ ಕಡ್ಡಿ ಗೀರಿದಳು. ನೀಲಿ ಉರಿ ಸುತ್ತಲೂ ಹರಡಿಕೊಂಡಿತು. ಪಾತೇಲಿ ಇಟ್ಟಳು.

"ಪ್ರಮಿಲಾ," ಎಂದು ಒಳಗಿನಿಂದ ಕರೆ ಬಂತು.

"ರೀ ಅತ್ತ್ಯಾರ."

"ಉರಿ ಸಣ್ಣ ಮಾಡು. ಅರ್ಧಾ ಗ್ಯಾಸು ಗಾಳಿಗೆ ಬಿಟ್ಟು ಬಂದೀದಿ ಮೊದಲಽ."